ವಜ್ರದ ಗೋತ್ರ: ಅಡಾಜಣ್ ಫಲಕಶಾಸನಗಳನ್ನು ಆಧರಿಸಿದ ಒಂದು ಕಾಲನಿರ್ಣಯ

ಸೂರತ್ತಿನಲ್ಲಿ ತಾಪಿ ನದಿಯ ಆಚೆ ದಡದಲ್ಲಿರುವ ಅಡಾಜಣ್‌ನ ಫಲಕಶಾಸನಗಳ ಬಗ್ಗೆ ವಿದ್ವತ್ ಲೋಕ ಈವರೆಗೆ ಬಾಯಿ ಬಿಡದಿರುವುದು ಶೋಚನೀಯ. ಒಡವೆ ಅಂಗಡಿಗಳ ನೆತ್ತಿಯ ಮೇಲೆ ಕಾಣಸಿಗುವ ಇವುಗಳ ಭಾಷೆ ಗುಜರಾತಿ ಮಿಶ್ರಿತ ಇಂಗ್ಲಿಷ್, ಲಿಪಿ ಎಲ್‌ಇಡಿ, ವಿಷಯ, ಮನೆತನದ ಸ್ಥಾಪನೆಯ ವರ್ಷ. ಕಟ್ಟಡಕ್ಕೆ ಹತ್ತು ವರ್ಷ, ಗಾಜಿನ ಬಾಗಿಲಿಗೆ ಮೂರು, ಪರಂಪರೆಗೆ ಮಾತ್ರ ನಾಲ್ಕು ತಲೆಮಾರು. ಆಧಾರ ಕೇಳಿದವರಿಗೆ 2006ರ ಆಗಸ್ಟಿನ ಕಡೆ ಬೆರಳು ತೋರಿಸಲಾಗುತ್ತದೆ. ಆಗ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ಅಡಾಜಣ್, ರಾಂದೇರ್ ಸೇರಿ ಊರಿನ ಬಹುಭಾಗವನ್ನು ಮುಳುಗಿಸಿದ್ದು ನಿಜ. ಮುತ್ತಜ್ಜನ ಲೆಕ್ಕದ ಪುಸ್ತಕಗಳು, ಇದ್ದವೂ ಇಲ್ಲದವೂ, ಒಟ್ಟಿಗೆ ಕೊಚ್ಚಿಹೋದವು.

ನಗಬೇಡಿ. ಪ್ಯಾರಿಸ್ಸಿನ ಮಹರ್ಷಿಗಳೂ ಇದನ್ನೇ ಮಾಡಿದ್ದು. 1837ರ ಎರ್ಮೆಸ್ ಕುದುರೆಯ ಜೀನು-ಲಗಾಮಿನವರು. 1854ರ ಲೂಯಿ ವಿತೋಂ ಪೆಟ್ಟಿಗೆಯವರು. ಲಗಾಮಿನ ಪುಣ್ಯವನ್ನು ರೇಷ್ಮೆ ಸ್ಕಾರ್ಫಿನ ಬೆಲೆಗೆ ಸೇರಿಸಿ ಮಾರುವ ವಿದ್ಯೆಗೇ ಪರಂಪರೆ ಎಂದು ಹೆಸರು.

ಈಗ ಸಿದ್ಧಾಂತ. ವಜ್ರ ದ್ವಿಜ. ಮೊದಲ ಜನ್ಮ ಬೋಟ್ಸ್‌ವಾನಾದಲ್ಲೋ ರಷ್ಯಾದಲ್ಲೋ ನೆಲದಡಿ. ಎರಡನೆಯದು ಸೂರತ್ತಿನ ವರಾಛಾ, ಕತಾರ್‌ಗಾಂಗಳ ಘಂಟಿಯ ಮೇಲೆ. ಘಂಟಿ ಅಂದರೆ ಗಿರ್ರನೆ ತಿರುಗುವ ಸಾಣೆಚಕ್ರ. ಲೋಕದ ವಜ್ರಗಳಲ್ಲಿ ಬಹುಪಾಲಿಗೆ ಸಂಸ್ಕಾರ ಆಗುವುದು ಈ ಊರಿನಲ್ಲೇ. ಸೌರಾಷ್ಟ್ರದಿಂದ ಬಂದ ರತ್ನಕಲಾಕಾರ ಮಸೂರದಲ್ಲಿ ಕಣ್ಣು ನೆಟ್ಟು, ಸಾಸಿವೆಗಿಂತ ಸಣ್ಣ ಹರಳಿಗೂ ಐವತ್ತೇಳು ಮುಖ ಮೂಡಿಸುತ್ತಾನೆ. ದಕ್ಷಿಣೆ ಹರಳಿಗಿಷ್ಟು ಎಂಬ ಲೆಕ್ಕ. ಸಂಸ್ಕಾರ ಮುಗಿದ ಕಲ್ಲು ಮಡಿಸಿದ ಕಾಗದದೊಳಗೆ ಮಹೀಧರಪುರದ ಬೀದಿಗೆ ಬಂದು, ಸ್ಕೂಟರಿನ ಸೀಟಿನ ಮೇಲೆ ಬಿಚ್ಚಿಕೊಂಡು, ಕೈಯಿಂದ ಕೈಗೆ ದಾಟಿ, ಸುಕೃತವಿದ್ದರೆ ಪ್ಯಾರಿಸ್ಸಿಗೆ ದತ್ತು ಹೋಗುತ್ತದೆ. ದತ್ತು ಹೋದವನಿಗೆ ಪಡೆದವರ ಗೋತ್ರ. ಮೊನ್ನೆ ಹುಟ್ಟಿದ ಕಲ್ಲು ‘1847ರ ಕಾರ್ತಿಯೇ ಗೋತ್ರೋತ್ಪನ್ನ’ ಎಂದು ಅಭಿವಾದನ ಮಾಡತೊಡಗುವುದು ಹೀಗೆ. ರತ್ನಕಲಾಕಾರನ ಹೆಸರೆಲ್ಲಿ ಎಂದು ಕೆಲವರು ಆಕ್ಷೇಪಿಸುತ್ತಾರೆ. ಉಪನಯನ ಮಾಡಿಸಿದ ಪುರೋಹಿತರ ಹೆಸರನ್ನು ಪ್ರವರದಲ್ಲಿ ಹೇಳುವ ಪದ್ಧತಿ ಎಲ್ಲಿಯಾದರೂ ಉಂಟೆ?

ಗೋತ್ರದ ಜೊತೆಗೊಂದು ಸ್ಥಳಪುರಾಣವೂ ಬೇಕು. ಸೂರತ್ ಬಂದರಿನ ಮೂಲಕ ಓಡಾಡಿದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಒಂದು ನೀಲಿ ವಜ್ರವನ್ನು ಒಯ್ದು, 1668ರ ಸುಮಾರಿಗೆ ಹದಿನಾಲ್ಕನೆಯ ಲೂಯಿಗೆ ಮಾರಿದ. ಅದು ಕೊಲ್ಲೂರು ಗಣಿಯದೆಂದು ನಂಬಿಕೆ. (ಈ ಕೊಲ್ಲೂರು ಆಂಧ್ರದ ಕೃಷ್ಣಾ ತೀರದ್ದು, ಮೂಕಾಂಬಿಕೆಗೆ ಇದರಲ್ಲಿ ಪಾತ್ರವಿಲ್ಲ.) ಮುಂದೆ ‘ಹೋಪ್’ ಎನಿಸಿಕೊಂಡ ಅದೇ ಕಲ್ಲನ್ನು ಅಮೆರಿಕದ ಸಿರಿವಂತೆಯೊಬ್ಬಳಿಗೆ 1911ರಲ್ಲಿ ಮಾರುವಾಗ ಪಿಯೇರ್ ಕಾರ್ತಿಯೇ ಜೊತೆಗೊಂದು ಶಾಪದ ಕಥೆಯನ್ನೂ ಸೇರಿಸಿಕೊಟ್ಟ. ಶಾಪಕ್ಕೆ ಪ್ರತ್ಯೇಕ ಮಜೂರಿ ಹಾಕಿದನೇ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ. ಕೊನೆಗೆ ಅದು ನ್ಯೂಯಾರ್ಕಿನ ಹ್ಯಾರಿ ವಿನ್‌ಸ್ಟನ್ ಕೈ ಸೇರಿತು. ಆತ 1958ರಲ್ಲಿ ಅದನ್ನು ಸ್ಮಿತ್ಸೋನಿಯನ್ ಸಂಗ್ರಹಾಲಯಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ. ಲೋಕ ಬೆರಗಾಯಿತು. ಬರೀ ನಂಬಿಕೆಯ ಮೇಲೆ ಹೀರಾ ಸಾಗಿಸುವ ಸೂರತ್ತಿನ ಆಂಗಡಿಯಾಗಳಿಗೆ ಇದೊಂದು ಸುದ್ದಿಯೇ ಅಲ್ಲ.

ಗೋತ್ರಭಂಗದ ಪ್ರಕರಣವೂ ಇಲ್ಲದಿಲ್ಲ. ಬರೋಡಾ ಮಹಾರಾಣಿ ಸೀತಾದೇವಿ 1953ರಲ್ಲಿ ತನ್ನ ಪಚ್ಚೆ-ವಜ್ರದ ಕಾಲಂದುಗೆಗಳನ್ನು ಇದೇ ವಿನ್‌ಸ್ಟನ್‌ಗೆ ಮಾರಿದಳು. ಆತ ಬಿಚ್ಚಿ, ಕಟ್ಟಿ, ಕೊರಳ ಹಾರ ಮಾಡಿದ. ಕೊಂಡವಳು ವಿಂಡ್ಸರ್ ಡಚೆಸ್, ಅಂದರೆ ಯಾರಿಗಾಗಿ ಒಬ್ಬ ದೊರೆ ಸಿಂಹಾಸನ ಬಿಟ್ಟನೋ ಆಕೆ. 1957ರಲ್ಲಿ ನ್ಯೂಯಾರ್ಕಿನ ನೃತ್ಯಕೂಟವೊಂದಕ್ಕೆ ಹಾರ ಹಾಕಿಕೊಂಡು ಬಂದಳು, ಎಲ್ಲರೂ ಹೊಗಳಿದರು. ಅಲ್ಲೇ ಇದ್ದ ಸೀತಾದೇವಿ, ಅವು ತನ್ನ ಕಾಲಲ್ಲಿದ್ದಾಗಲೂ ಚೆನ್ನಾಗಿಯೇ ಕಾಣುತ್ತಿದ್ದವು ಎಂಬರ್ಥದ ಮಾತಾಡಿದಳೆಂದು ಪ್ರಸಿದ್ಧಿ. ಹಾರ ವಾಪಸು ಹೋಯಿತು. ಪಚ್ಚೆ ಅದೇ, ವಜ್ರ ಅದೇ, ಕ್ಯಾರೆಟ್ಟಿನಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಕೆಟ್ಟದ್ದು ಪೂರ್ವಾಶ್ರಮ ಮಾತ್ರ. ಇಡೀ ಆಧುನಿಕ ಫ್ಯಾಷನ್ ಶಾಸ್ತ್ರಕ್ಕೆ ಈ ಕಾಲಂದುಗೆಯೇ ಮೂಲಗ್ರಂಥವೆಂದು ಪ್ರಸ್ತುತ ಲೇಖಕನ ದೃಢ ಮತ.

2023ರ ಡಿಸೆಂಬರಿನಲ್ಲಿ ಖಜೋದ್‌ನಲ್ಲಿ ಉದ್ಘಾಟನೆಯಾದ ಸೂರತ್ ಡೈಮಂಡ್ ಬೋರ್ಸ್ ಎಂಬ ವಜ್ರ ವಹಿವಾಟಿನ ಕಟ್ಟಡ ಅಮೆರಿಕದ ಪೆಂಟಗನ್‌ಗಿಂತ ದೊಡ್ಡದು. ಒಳಗೆ ಸಾವಿರಾರು ಕಚೇರಿಗಳುಂಟು, ಗೋತ್ರ ಮಾತ್ರ ಇನ್ನೂ ಸಿದ್ಧವಾಗಿಲ್ಲ.

ಪೂರ್ವಾಶ್ರಮದ ಭಯವೇ ಇಲ್ಲದ ಶಾಖೆಯೊಂದಿದೆ: ರಿಂಗ್ ರೋಡಿನ ಜವಳಿ ಮಾರುಕಟ್ಟೆ. ನಮ್ಮವರು ಮೂಗು ಮುರಿಯುತ್ತಲೇ ಡಜನ್ನುಗಟ್ಟಲೆ ಕೊಳ್ಳುವ ಸೂರತ್ ಸೀರೆಗೆ ಮುತ್ತಜ್ಜ ಬೇಡ, ಮಹರ್ಷಿ ಬೇಡ. ಕಳೆದ ಶುಕ್ರವಾರ ತೆರೆಕಂಡ ಸಿನಿಮಾದ ಹೆಸರು ಸಾಕು. 2019ರ ಚುನಾವಣೆ ಹೊತ್ತಿಗೆ ಸೆರಗಿನ ಮೇಲೆ ಪ್ರಧಾನಿಯ ಚಿತ್ರವೂ ಬಂದಿತ್ತು. ಚಿಕ್ಕಪೇಟೆಯ ಗೋದಾಮಿನಲ್ಲಿ ಇಂಥದ್ದೊಂದು ಕಟ್ಟು ಸಿಕ್ಕಿದರೆ ಶಾಸನ ಬೇಡ, ಇಂಗಾಲದ ಪರೀಕ್ಷೆ ಬೇಡ. ಹೆಸರೊಂದನ್ನು ಓದಿಕೊಂಡರೆ ವರ್ಷ, ತಿಂಗಳು, ವಾರದ ತನಕ ಕಾಲ ನಿರ್ಣಯಿಸಬಹುದು. ಇಷ್ಟು ನಿಖರತೆಯನ್ನು ಪ್ಯಾರಿಸ್ಸಿನ ಯಾವ ಮನೆತನವೂ ಈವರೆಗೆ ಒದಗಿಸಿಲ್ಲ.