ಯೀಸ್ಟ್ ಹಾಕದ ಬಿಯರ್

ಬನ್ನಿ ರಾಯರೇ, ಬ್ರಸೆಲ್ಸ್‌ನಲ್ಲಿ ಏನು ನೋಡಿದೆ ಅಂತ ಕೇಳಿದ್ರಲ್ಲ, ಬಿಯರ್ ಮ್ಯೂಸಿಯಂ ನೋಡಿದೆ. ಹುಬ್ಬೇರಿಸಬೇಡಿ. ಕುಡಿಯೋ ಮಾತು ಆಮೇಲೆ, ಅದನ್ನ ಮಾಡೋ ಬಗೆ ಮೊದಲು ಕೇಳಿ.

ಆ ಊರಿನ ಆಂಡರ್ಲೆಕ್ಟ್ ಬಡಾವಣೆಯಲ್ಲಿ ಕ್ಯಾಂಟಿಯೋನ್ ಅಂತ ಒಂದು ಮನೆತನದ ಭಟ್ಟಿ. 1900ರಲ್ಲಿ ಶುರುವಾದದ್ದು, 1978ರಿಂದ ಮ್ಯೂಸಿಯಂ ಕೂಡ ಹೌದು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಳೇ ಸಾಮಾನಲ್ಲ, ಕೆಲಸ ಇವತ್ತಿಗೂ ನಡೀತಿದೆ. ಮೊಳಕೆ ಬರಿಸಿದ ಬಾರ್ಲಿ ಮೂರರಲ್ಲಿ ಎರಡು ಪಾಲು, ಹಸಿ ಗೋಧಿ ಒಂದು ಪಾಲು. ಅದರ ರಸ ತೆಗೆದು, ವರ್ಷಗಟ್ಟಲೆ ಇಟ್ಟು ಕಹಿ ಕಳೆದ ಹಾಪ್ಸ್ ಹೂವು ಹಾಕಿ ಗಂಟೆಗಟ್ಟಲೆ ಕುದಿಸ್ತಾರೆ. ಕಹಿ ಹೋದರೂ ಕೆಡದಂತೆ ಕಾಯೋ ಗುಣ ಆ ಹೂವಲ್ಲಿ ಉಳಿದಿರತ್ತೆ.

ಯೀಸ್ಟ್ ಯಾವಾಗ ಹಾಕ್ತಾರೆ ಅಂತೀರಾ? ಹಾಕೋದೇ ಇಲ್ಲ! ಬಿಸಿ ರಸವನ್ನ ಅಟ್ಟದ ಮೇಲಿನ ಅಗಲವಾದ, ಆಳವಿಲ್ಲದ ತಾಮ್ರದ ತೊಟ್ಟಿಗೆ ಬಿಟ್ಟು, ಗಾಳಿಕಿಂಡಿ ತೆರೆದು ರಾತ್ರಿಯೆಲ್ಲ ಹಾಗೇ ಬಿಡ್ತಾರೆ. ಗಾಳಿಯಲ್ಲಿರೋ, ಆ ಮರದ ತೊಲೆ, ಪೀಪಾಯಿಗಳಲ್ಲಿ ನೆಲೆಸಿರೋ ಜೀವಾಣುಗಳೇ ಬಂದು ಹುಳಿ ಬರಿಸಬೇಕು. ನಮ್ಮನೆ ದೋಸೆ ಹಿಟ್ಟು ರಾತ್ರಿ ಬೆಳಗಾಗೋದರೊಳಗೆ ಉಬ್ಬೋದೂ ಹೀಗೇ ತಾನೆ? ಆದರೆ ಇವರದು ಮೂರು ವರ್ಷದವರೆಗೂ ಓಕ್ ಪೀಪಾಯಿಯಲ್ಲಿ ಕಾಯೋ ಕೆಲಸ. ಆಮೇಲೆ ಒಂದು, ಎರಡು, ಮೂರು ವರ್ಷದವನ್ನ ಬೆರೆಸ್ತಾರೆ. ಎಳೆಯದರಲ್ಲಿ ಸಕ್ಕರೆ ಉಳಿದಿರತ್ತಲ್ಲ, ಅದು ಬಾಟಲಿಯೊಳಗೇ ಮತ್ತೆ ಹುದುಗಿ ನೊರೆ ಕಟ್ಟತ್ತೆ. ಇದಕ್ಕೆ ಗೂಝ್ ಅಂತಾರೆ. ಒಳ್ಳೇ ಹುಳಿ.

ಅಲ್ಲಿ ಜೇಡರಬಲೆ ಕೂಡ ತೆಗೆಯಲ್ಲ. ಹುಳ ಹುಪ್ಪಟೆ ಹಿಡಿಯೋ ಕೆಲಸ ಜೇಡಕ್ಕೇ ಬಿಟ್ಟಿದ್ದಾರೆ, ಔಷಧಿ ಹೊಡೆದರೆ ಬೇಕಾದ ಜೀವಾಣುವೂ ಸಾಯತ್ತಲ್ಲ.

ಹೊಸ ಕಾಲದ್ದು ಬೇರೆ ದಾರಿ. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದರು. ಆಮೇಲೆ ಬರಬರುತ್ತ ಸ್ಟೀಲ್ ತೊಟ್ಟಿ, ಲೆಕ್ಕ ಹಾಕಿದ ಉಷ್ಣಾಂಶ, ಪ್ರತಿ ಬಾಟಲಿಗೂ ಒಂದೇ ರುಚಿ. ಕೆಟ್ಟುಹೋಗ್ತಿದ್ದ ಬಿಯರ್ ಉಳೀತು, ದೊಡ್ಡ ಉಪಕಾರವೇ. ಆದರೂ ನನ್ನ ಒಲವು ಆ ಅಟ್ಟದ ಕಡೆಗೇ ರಾಯರೇ. ಒಂದೂರಿನ ಗಾಳಿಯನ್ನ ನಂಬಿ ಒಂದು ಕಸುಬು ಬದುಕಿದೆ, ಅದು ಉಳೀಬೇಕು. ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನ ಯುನೆಸ್ಕೋ 2016ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಸರಿಯಾಗೇ ಇದೆ.

ನಿಮ್ಮ ಮಗ ಆ ಕಡೆ ಹೋದರೆ ಚಳಿಗಾಲದಲ್ಲೇ ಹೋಗೋಕೆ ಹೇಳಿ. ಬೇಸಿಗೆಯಲ್ಲಿ ರಾತ್ರಿ ತಂಪಾಗಲ್ಲ, ಬೇಡದ ಜೀವಾಣು ಜಾಸ್ತಿ, ಹಾಗಾಗಿ ಒಲೆ ಹಚ್ಚೋದು ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಶುರುವಿನವರೆಗೆ ಮಾತ್ರ.