ಸಾಕುಹಾವಿನ ಉಷ್ಣಮೀಮಾಂಸೆ

ಹಾವಿಗೆ ಹೆದರಿದ ಮನುಷ್ಯನ ಬಗ್ಗೆ ಪುರಾಣ, ಜಾನಪದ, ವೈದ್ಯ ಮೂರರಲ್ಲೂ ಹೇರಳವಾದ ಸಾಮಗ್ರಿ ದೊರೆಯುತ್ತದಾದರೂ, ಹಾವಿಗೆ ಚಳಿಯಾದೀತೆಂದು ಹೆದರಿ ನಡುರಾತ್ರಿ ಎದ್ದು, ಟಾರ್ಚು ಹಿಡಿದು, ಗಾಜಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರುವ ಮನುಷ್ಯನತ್ತ ಶಾಸ್ತ್ರಕಾರರು ತಕ್ಕಷ್ಟು ಗಮನ ಹರಿಸಿಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶವಾಗಿರುವುದರಿಂದ, ಗ್ರಂಥಾರಂಭದಲ್ಲಿ ಹೇಳಲೇಬೇಕಾದ ಅನುಬಂಧಚತುಷ್ಟಯವನ್ನು, ಅಂದರೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು, ಮೊದಲು ಇತ್ಯರ್ಥಪಡಿಸುವುದು ವಿಹಿತ. ವಿಷಯವೆಂದರೆ ಪೆಟ್ಟಿಗೆಯೊಳಗಿನ ಶಾಖ. ಪ್ರಯೋಜನವೆಂದರೆ ಹಾವು ಬೇಯದೆ, ಸೆಟೆಯದೆ, ಮನೆಗೆ ಬೆಂಕಿ ಬೀಳದೆ ಇರುವುದು. ಸಂಬಂಧವೆಂದರೆ ಹಾವಿಗೂ ಕರೆಂಟು ಬಿಲ್ಲಿಗೂ ಇರುವ ಕಾರ್ಯಕಾರಣಭಾವ. ಅಧಿಕಾರಿ ಯಾರೆಂಬುದು ಮಾತ್ರ ತುಸು ತೊಡಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಾಗರ, ಕೇರೆ, ಹೆಬ್ಬಾವು ಮೊದಲಾದ ದೇಶೀಯ ಹಾವುಗಳನ್ನು ಮನೆಯಲ್ಲಿಟ್ಟು ಸಾಕುವಂತಿಲ್ಲ; ವಿದೇಶಿ ಪ್ರಾಣಿಗಳಿಗೂ ನೋಂದಣಿಯ ನಿಯಮಗಳಿವೆ. ಆದ್ದರಿಂದ ಈ ಶಾಸ್ತ್ರದ ಮುಖ್ಯ ಅಧಿಕಾರಿಗಳು ಬ್ರಿಟನ್, ಅಮೆರಿಕ ಮುಂತಾದೆಡೆ ರಾಯಲ್ ಪೈಥಾನ್ ಸಾಕುವ ಗೃಹಸ್ಥರು. ಹಿತ್ತಲಲ್ಲಿ ಕೇರೆಹಾವು ಕಂಡು ಹೀಟರ್ ಕೊಳ್ಳಲು ಹೊರಟವರು ಇಲ್ಲಿಗೇ ಓದು ನಿಲ್ಲಿಸಬಹುದು.

ಹಾವು ಶೀತರಕ್ತದ ಪ್ರಾಣಿ ಎಂಬ ಶಾಲೆಯ ಪಾಠವು ಪೂರ್ವಪಕ್ಷವಾಗಿ, ಎಂದರೆ ಖಂಡಿಸುವ ಸಲುವಾಗಿಯೇ ಮೊದಲು ಎತ್ತಿಕೊಳ್ಳುವ ವಾದವಾಗಿ, ಮಾತ್ರ ಗ್ರಾಹ್ಯ. ಬಿಸಿಲು ಕಾಯಿಸಿದ ಹಾವಿನ ರಕ್ತ ಸಾಕಷ್ಟು ಬೆಚ್ಚಗೇ ಇರುತ್ತದೆ; ಆದರೆ ಆ ಶಾಖ ಅದರ ಸ್ವಂತ ಸಂಪಾದನೆಯಲ್ಲ, ಹೊರಗಿನಿಂದ ಪಡೆದದ್ದು. ಇಂಥ ಪ್ರಾಣಿಯನ್ನು ಬಾಹ್ಯೋಷ್ಣಜೀವಿ ಎನ್ನುತ್ತಾರೆ. ಹೊರಗಿನಿಂದ ಪಡೆಯುತ್ತದೆಂದ ಮಾತ್ರಕ್ಕೆ ಅದು ಸಿಕ್ಕಿದ್ದನ್ನೆಲ್ಲ ಸ್ವೀಕರಿಸುತ್ತದೆಂದಲ್ಲ. ಬಿಸಿಲಿಗೆ ಬರುವುದು, ನೆರಳಿಗೆ ಸರಿಯುವುದು, ಬಿಲಕ್ಕಿಳಿಯುವುದು ಇವುಗಳ ಮೂಲಕ ತನ್ನ ಮೈಯ ತಾಪವನ್ನು ಸರೀಸೃಪವು ತಾನೇ ಬಿಗಿಯಾಗಿ ಆಳುತ್ತದೆಂಬುದನ್ನು ಅಮೆರಿಕದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಮರುಭೂಮಿಯ ಸರೀಸೃಪಗಳ ಕುರಿತು 1944ರಲ್ಲಿ ಪ್ರಕಟಿಸಿದ ಅಧ್ಯಯನ ಸ್ಥಾಪಿಸಿತು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲುಗಳ ನಿವಾಸಿಯಾದ ರಾಯಲ್ ಪೈಥಾನ್ ಹಗಲೆಲ್ಲ ಇಲಿಬಿಲಗಳಲ್ಲೋ ಗೆದ್ದಲಿನ ಹುತ್ತಗಳಲ್ಲೋ ಅಡಗಿದ್ದು ರಾತ್ರಿ ಹೊರಬೀಳುತ್ತದೆ. ಗೆದ್ದಲು ಕಟ್ಟಿದ ಮನೆಗೆ ಹಾವು ಬಾಡಿಗೆಯಿಲ್ಲದೆ ಸೇರುವುದನ್ನು ಕನ್ನಡ ನಾಡಿನ ನೀತಿವಂತರು ಬಹುಕಾಲದಿಂದ ಆಕ್ಷೇಪಿಸುತ್ತ ಬಂದಿದ್ದಾರಾದರೂ, ಹೊರಗೆ ಬಿಸಿಲು ಏನೇ ಕುಣಿದರೂ ಒಳಗೆ ಅಷ್ಟಾಗಿ ಏರಿಳಿಯದ ತಾಪವುಳ್ಳ ಆ ಮನೆಯ ಆಯ್ಕೆಯಲ್ಲಿ ಹಾವಿನ ವಿವೇಕವನ್ನು ಮೆಚ್ಚಿದವರು ಕಡಿಮೆ. ಹುತ್ತಕ್ಕೆ ಹಾಲೆರೆದವರಿದ್ದಾರೆ, ಒಳಗೆ ಎಷ್ಟು ಡಿಗ್ರಿ ಎಂದು ಕೇಳಿದವರು ವಿರಳ.

ಸ್ವಂತ ಶಾಖವೇ ಇಲ್ಲವೆಂಬ ನಿಯಮಕ್ಕೂ ಅಪವಾದವುಂಟು. ಮೊಟ್ಟೆಗಳಿಗೆ ಸುತ್ತಿಕೊಂಡ ಹೆಬ್ಬಾವು ಅವಕ್ಕೆ ಕಾವು ಕೊಡುತ್ತದೆಂಬ ವಾರ್ತೆಯನ್ನು ಲಮಾರ್-ಪಿಕೋ ಎಂಬ ಪ್ರವಾಸಿ ಪ್ಯಾರಿಸ್ಸಿನ ವಿದ್ವಾಂಸರ ಮುಂದಿಟ್ಟಾಗ ಅವರು ಅದನ್ನು ತಳ್ಳಿಹಾಕಿದರು. ಹಾವಿನ ಬಗ್ಗೆ ಹಾವನ್ನು ಕೇಳದೆ ತೀರ್ಪು ಕೊಡುವ ಪರಂಪರೆಗೆ ಇದು ಉತ್ತಮ ನಿದರ್ಶನ. 1841ರಲ್ಲಿ ಅದೇ ಪ್ಯಾರಿಸ್ಸಿನಲ್ಲಿ ವಾಲೆನ್ಸಿಯೆನ್ ಎಂಬ ಪ್ರಾಣಿಶಾಸ್ತ್ರಜ್ಞ ಕಾವು ಕೂತ ಹೆಬ್ಬಾವಿನ ಸುರುಳಿಯ ತಾಪವನ್ನು ಅಳೆದು, ಅದು ಸುತ್ತಣ ಗಾಳಿಗಿಂತ ಹೆಚ್ಚೆಂದು ತೋರಿಸಿದ. 1966ರಲ್ಲಿ ನ್ಯೂಯಾರ್ಕಿನ ಮೃಗಾಲಯದ ಹೆಬ್ಬಾವಿನ ಮೇಲೆ ನಡೆದ ಅಧ್ಯಯನ ಅದರ ಗುಟ್ಟನ್ನು ಬಯಲುಮಾಡಿತು: ತಾಯಿ ಹಾವು ಸ್ನಾಯುಗಳನ್ನು ಮತ್ತೆ ಮತ್ತೆ ಬಿಗಿದು ನಡುಗಿಸುತ್ತದೆ, ಚಳಿ ಹೆಚ್ಚಿದಷ್ಟೂ ನಡುಕದ ವೇಗ ಹೆಚ್ಚುತ್ತದೆ. ಆಗುಂಬೆಯ ಕಾಡಿನ ಕಾಳಿಂಗ ಸರ್ಪ ಅಷ್ಟು ಶ್ರಮಪಡದೆ, ತರಗೆಲೆಗಳನ್ನು ಮೈಯ ಸುರುಳಿಯಿಂದ ಗುಡ್ಡೆಹಾಕಿ, ಕೊಳೆಯುವ ಎಲೆಯ ಕಾವಿಗೆ ಮೊಟ್ಟೆಗಳನ್ನು ಒಪ್ಪಿಸುತ್ತದೆ. ಎರಡೂ ಪದ್ಧತಿಗಳಲ್ಲಿ ಪ್ಲಗ್ಗಿನ ಪ್ರಸಕ್ತಿಯಿಲ್ಲ.

ಇಂಥ ಪ್ರಾಣಿಯನ್ನು ನಾಲ್ಕಡಿ ಉದ್ದದ ಪೆಟ್ಟಿಗೆಯಲ್ಲಿ ಕೂಡಿದ ಕ್ಷಣವೇ ಅದರ ವಿದ್ಯೆಯೆಲ್ಲ ವ್ಯರ್ಥವಾಗುತ್ತದೆ, ಏಕೆಂದರೆ ಆಯ್ದುಕೊಳ್ಳುವ ವಿದ್ಯೆಗೆ ಆಯ್ಕೆಗಳಿರಬೇಕು. ಆದಕಾರಣ ಈ ಶಾಸ್ತ್ರದ ಮೂಲಸೂತ್ರವು ಪೆಟ್ಟಿಗೆಯನ್ನು ಬಿಸಿಮಾಡಬೇಕು ಎಂದಲ್ಲ, ಪೆಟ್ಟಿಗೆಯ ಒಂದೇ ತುದಿಯನ್ನು ಬಿಸಿಮಾಡಬೇಕು ಎಂಬುದು. ರಾಯಲ್ ಪೈಥಾನಿಗೆ ಬಿಸಿ ತುದಿಯಲ್ಲಿ 30ರಿಂದ 32 ಡಿಗ್ರಿ ಸೆಲ್ಸಿಯಸ್, ತಂಪು ತುದಿಯಲ್ಲಿ 24ರಿಂದ 26. ನಡುವಿನ ಇಳಿಜಾರು ಹಾವಿನ ವಿವೇಚನೆಗೆ ಬಿಟ್ಟದ್ದು. ಎರಡೂ ತುದಿಗಳಲ್ಲಿ ಒಂದೊಂದು ಅಡಗುದಾಣ ಇರಲೇಬೇಕು. ಒಂದೇ ಇದ್ದರೆ ಈ ಸಂಕೋಚದ ಪ್ರಾಣಿ ಸುರಕ್ಷತೆಗೂ ಶಾಖಕ್ಕೂ ನಡುವೆ ಆರಿಸಬೇಕಾಗಿ ಬಂದು, ಬಹುಪಾಲು ಸುರಕ್ಷತೆಯನ್ನೇ ಆರಿಸಿ, ಕತ್ತಲಲ್ಲಿ ಚಳಿಯಿಂದ ಅರೆಜೀರ್ಣವಾದ ಇಲಿಯನ್ನು ಕಕ್ಕುತ್ತದೆ.

ಈಗ ಪ್ರಮಾಣವಿಚಾರ. ತಾರ್ಕಿಕರು ಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂಬ ನಾಲ್ಕು ಸಾಧನಗಳನ್ನು ಹೇಳಿದ್ದು, ಹಾವು ಸಾಕುವವರು ನಾಲ್ಕನ್ನೂ ದುರುಪಯೋಗಪಡಿಸಿಕೊಂಡಿದ್ದಾರೆ. ಪ್ರತ್ಯಕ್ಷವಾದಿಯು ಪೆಟ್ಟಿಗೆಯೊಳಗೆ ಅಂಗೈ ಇಟ್ಟು ‘ಹಿತವಾಗಿದೆ’ ಎನ್ನುತ್ತಾನೆ. ಸುಮಾರು 37 ಡಿಗ್ರಿಯ ಮೈಯುಳ್ಳವನಿಗೆ ಹಿತವೆನಿಸಿದ್ದು ಹಾವಿಗೆ ಹಿತವೆನ್ನಲು ಆಧಾರವಿಲ್ಲದ್ದರಿಂದ ಈ ವಾದ ಬಿದ್ದುಹೋಗುತ್ತದೆ. ಅನುಮಾನವಾದಿಯು ‘ಬಲ್ಬು ಉರಿಯುತ್ತಿದೆ, ಆದ್ದರಿಂದ ಬಿಸಿಯಿದೆ’ ಎನ್ನುತ್ತಾನೆ. ಎಷ್ಟೆಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ. ಉಪಮಾನವಾದಿಗೆ ಗೆಳೆಯನ ಹಾವು ಹೇಗಿದೆಯೋ ತನ್ನದೂ ಹಾಗೆ. ಗೆಳೆಯನದು ಅಮೆರಿಕದ ಕಾರ್ನ್ ಸ್ನೇಕ್, ತನ್ನದು ಆಫ್ರಿಕಾದ ಪೈಥಾನ್ ಎಂಬುದನ್ನು ಅವನು ಗಮನಿಸುವುದಿಲ್ಲ. ಶಬ್ದವಾದಿಯು ಅಂಗಡಿಯವನ ಮಾತನ್ನು ಆಪ್ತವಾಕ್ಯವಾಗಿ ಸ್ವೀಕರಿಸಿ, ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರನ್ನು ಕೊಂಡು ತರುತ್ತಾನೆ. ಅಂಟಿಸಿದ ಕಡೆಯ ತಾಪವನ್ನಷ್ಟೇ, ಅದನ್ನೂ ಅಂದಾಜಿನಲ್ಲಿ, ಹೇಳುವ ಈ ಉಪಕರಣ ಪೆಟ್ಟಿಗೆಯ ಅರ್ಧ ಎತ್ತರದಲ್ಲಿ ನೇತಾಡುತ್ತದೆ. ಹಾವು ನೆಲದ ಮೇಲಿರುತ್ತದೆ.

ಸಿದ್ಧಾಂತವೆಂದರೆ, ತಂತಿಯ ತುದಿಯಲ್ಲಿ ಪ್ರೋಬ್ ಎಂಬ ಪುಟ್ಟ ಸಂವೇದಕವಿರುವ ಡಿಜಿಟಲ್ ಥರ್ಮಾಮೀಟರುಗಳು ಎರಡಿರಬೇಕು, ಬಿಸಿ ತುದಿಗೊಂದು, ತಂಪು ತುದಿಗೊಂದು, ಎರಡೂ ಹಾವು ಮಲಗುವ ಮಟ್ಟದಲ್ಲಿ. ಇವುಗಳ ಜೊತೆಗೆ ಪಿಸ್ತೂಲಿನ ಆಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಮೇಲ್ಮೈಯ ತಾಪವನ್ನು ಮುಟ್ಟದೆಯೇ ನೋಡಬಹುದು. ಆದರೆ ಅದನ್ನು ಹಿಡಿದವರಲ್ಲಿ ಉಂಟಾಗುವ ವೀರಾವೇಶ ಮೂರು ಭ್ರಾಂತಿಗಳಿಗೆ ಎಡೆಕೊಡುತ್ತದೆ. ಕೆಂಪು ಚುಕ್ಕೆಯೇ ಅಳೆಯುತ್ತದೆಂಬುದು ಮೊದಲನೆಯದು. ಚುಕ್ಕೆ ಗುರಿಗೆ ಮಾತ್ರ, ಅಳತೆ ನಡೆಯುವುದು ಅದರ ಸುತ್ತಲಿನ ವೃತ್ತದಲ್ಲಿ, ದೂರ ಹೆಚ್ಚಿದಂತೆ ಆ ವೃತ್ತವೂ ಹಿಗ್ಗುತ್ತದೆ. ಗಾಜಿನ ಹೊರಗಿನಿಂದಲೇ ಒಳಗಿನ ತಾಪ ತಿಳಿಯುತ್ತದೆಂಬುದು ಎರಡನೆಯದು. ಅದು ಹೇಳುವುದು ಗಾಜಿನದೇ ತಾಪ. ಗಾಳಿಯ ತಾಪವೂ ಸಿಕ್ಕುತ್ತದೆಂಬುದು ಮೂರನೆಯದು. ಗಾಳಿಗೆ ಗುರಿಯಿಟ್ಟರೆ ಸಿಕ್ಕುವುದು ಹಿಂದಿನ ಗೋಡೆ.

ಇಷ್ಟೆಲ್ಲ ಉಪಕರಣಗಳ ನಡುವೆ ಮಲಗಿರುವ ಪ್ರಾಣಿಯ ತುಟಿಯ ಅಂಚಿನಲ್ಲೇ ಶಾಖವನ್ನು ಗುರುತಿಸುವ ಕುಳಿಗಳ ಸಾಲಿದೆಯೆಂಬುದನ್ನು ಇಲ್ಲಿ ನೆನೆಯದಿದ್ದರೆ ಅಪಚಾರವಾದೀತು. ಕುಳಿಯುಳ್ಳ ಹಾವುಗಳಲ್ಲಿ ಈ ಅರಿವಿಗೆ ಕಾರಣವಾದ ಪ್ರೋಟೀನನ್ನು ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯ 2010ರಲ್ಲಿ ಗುರುತಿಸಿತು. ತಾಪವನ್ನು ಅರಿಯುವ ನರಗ್ರಾಹಕಗಳ ಸಂಶೋಧನೆಗಾಗಿ ಅವರಿಗೆ 2021ರ ನೊಬೆಲ್ ಪಾರಿತೋಷಕವೂ ಸಂದಿತು. ಕತ್ತಲಲ್ಲಿ ಇಲಿಯ ಮೈಬಿಸಿಯನ್ನು ಮುಖದಿಂದಲೇ ಕಾಣುವ ಈ ಮಹಾವಿದ್ವಾಂಸ ಪ್ರಾಣಿ, ಹೊಟ್ಟೆಯಡಿಯ ಹೀಟ್ ಮ್ಯಾಟ್ ಎಂಬ ವಿದ್ಯುತ್ ಚಾಪೆ ಚರ್ಮ ಸುಡುವಷ್ಟು ಕಾದರೂ ಹಲವೊಮ್ಮೆ ಸರಿಯದೆ ಅಲ್ಲೇ ಮಲಗಿರುತ್ತದೆ. ಹಾಗಾಗಿ ‘ಬಿಸಿಯಾದರೆ ಅದೇ ಎದ್ದು ಹೋಗುತ್ತದೆ’ ಎಂಬ ಲೋಕೋಕ್ತಿಯನ್ನು ಈ ಶಾಸ್ತ್ರ ಸಂಪೂರ್ಣವಾಗಿ ನಿರಾಕರಿಸುತ್ತದೆ. ಅಂಗಡಿಗಳಲ್ಲಿ ಸಿಗುವ, ಒಳಗೆ ತಂತಿಯಿಟ್ಟ ಕೃತಕ ‘ಬಿಸಿಬಂಡೆ’ಗಳು ತ್ಯಾಜ್ಯವೆಂಬುದಕ್ಕೂ ಕಾರಣ ಇದೇ.

ಸಂಖ್ಯಾವಿಷಯದಲ್ಲೂ ಎಚ್ಚರ ಬೇಕು, ಏಕೆಂದರೆ 32 ಎಂಬ ಅಂಕೆ ಮೂರು ಲೋಕಗಳಲ್ಲಿ ಮೂರು ಫಲ ಕೊಡುತ್ತದೆ. ಇಂದಿನ ಸೆಲ್ಸಿಯಸ್ಸಿನಲ್ಲಿ ಅದು ರಾಯಲ್ ಪೈಥಾನಿನ ಸುಖ. ಅಮೆರಿಕದವರ ಫ್ಯಾರನ್‌ಹೀಟಿನಲ್ಲಿ ಅದೇ ಅಂಕೆ ನೀರು ಹೆಪ್ಪುಗಟ್ಟುವ ಬಿಂದು. ಅಲ್ಲಿನ ಗ್ರಂಥಗಳು ಹೇಳುವ 90ನ್ನು ಇಲ್ಲಿನ ಥರ್ಮೋಸ್ಟಾಟಿಗೆ ಅನ್ವಯಿಸಿದರೆ ಆಗುವುದು ಪಾಲನೆಯಲ್ಲ, ಪಾಕ. ಇನ್ನು 1742ರಲ್ಲಿ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ಸ್ವತಃ ರೂಪಿಸಿದ ಮೂಲ ಮಾನದಲ್ಲಿ ನೀರು ಕುದಿಯುವುದು ಸೊನ್ನೆಯಲ್ಲಿ, ಹೆಪ್ಪುಗಟ್ಟುವುದು 100ರಲ್ಲಿ. ಅದನ್ನು ತಲೆಕೆಳಗು ಮಾಡಿ ಈಗಿನಂತೆ ಬಳಸತೊಡಗಿದ್ದು ಆಮೇಲೆ. ಮೂಲಪಾಠಕ್ಕೇ ನಿಷ್ಠನಾದ ಸಂಪ್ರದಾಯಸ್ಥನೊಬ್ಬ 32 ಎಂದು ಹಿಡಿದರೆ ಅದು ಇಂದಿನ 68 ಡಿಗ್ರಿಯಾಗುತ್ತದೆ. ಪಾಠಾಂತರಗಳಿಂದ ಪ್ರಾಣಹಾನಿಯಾಗುವ ಶಾಸ್ತ್ರಗಳು ಹೆಚ್ಚಿಲ್ಲ, ಇದು ಅವುಗಳಲ್ಲೊಂದು.

ಥರ್ಮೋಸ್ಟಾಟ್ ಎಂದರೆ ತಾಪವನ್ನು ನೋಡುತ್ತ, ನಿಗದಿಯಾದ ಮಿತಿ ಮುಟ್ಟಿದೊಡನೆ ಹೀಟರಿನ ಕರೆಂಟನ್ನು ಕಡಿಯುವ ಅಥವಾ ತಗ್ಗಿಸುವ ಸಾಧನ. 1883ರಲ್ಲಿ ವಿದ್ಯುತ್ ಥರ್ಮೋಸ್ಟಾಟಿಗೆ ಪೇಟೆಂಟ್ ಪಡೆದ ವಾರೆನ್ ಜಾನ್ಸನ್ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಅಧ್ಯಾಪಕನಾಗಿದ್ದವನು. ಕೊಠಡಿಯ ಚಳಿ ಸೆಕೆ ನೋಡಲು ಜವಾನ ಪಾಠದ ನಡುವೆ ಒಳಬರುವ ಕಿರಿಕಿರಿಯೇ ಆ ಶೋಧನೆಗೆ ಪ್ರೇರಣೆಯೆನ್ನುತ್ತಾರೆ. ಹಾವಿನ ಪೆಟ್ಟಿಗೆಗೆ ಬಳಸುವವು ಮೂರು ಬಗೆ. ಆನ್-ಆಫ್ ಬಗೆಯದು ಪೂರ್ತಿ ಹಚ್ಚುತ್ತದೆ ಇಲ್ಲವೇ ಪೂರ್ತಿ ಆರಿಸುತ್ತದೆ, ಹೀಟ್ ಮ್ಯಾಟಿಗೆ ಅಷ್ಟು ಸಾಕು. ಪಲ್ಸ್ ಬಗೆಯದು ಕರೆಂಟನ್ನು ತುಣುಕು ತುಣುಕಾಗಿ ಕೊಡುವುದರಿಂದ ಬೆಳಕು ಬೀರದ ಸೆರಾಮಿಕ್ ಹೀಟರಿಗೆ ಯೋಗ್ಯ. ಬಲ್ಬಿಗೆ ಜೋಡಿಸಿದರೆ ಹಾವಿನ ಮನೆ ಆರ್ಕೆಸ್ಟ್ರಾ ವೇದಿಕೆಯಂತೆ ಮಿಣುಕತೊಡಗುತ್ತದೆ. ಬಲ್ಬಿಗೆ ಡಿಮ್ಮಿಂಗ್ ಬಗೆಯದೇ ಬೇಕು.

ಥರ್ಮೋಸ್ಟಾಟಿನ ಪ್ರೋಬನ್ನು ಎಲ್ಲಿಡಬೇಕೆಂಬ ಪ್ರಶ್ನೆಯೇ ಈ ಶಾಸ್ತ್ರದ ಕಗ್ಗಂಟು. ನೆಲಹಾಸಿನ ಮೇಲಿಟ್ಟರೆ ಅದು ಹಾಸಿನ ಮೇಲಿನ ತಾಪವನ್ನು ಓದಿ, ‘ಇನ್ನೂ ಸಾಲದು’ ಎಂದು ಕೆಳಗಿನ ಮ್ಯಾಟನ್ನು ಕಾಯಿಸುತ್ತಲೇ ಇರುತ್ತದೆ. ಹಾಸು ದಪ್ಪವಾದಷ್ಟೂ ಶಾಖ ಕೆಳಗೇ ಸಿಕ್ಕಿಕೊಳ್ಳುತ್ತದೆ. ಮರದ ಪುಡಿಯನ್ನು ತೋಡಿ ಒಳಸೇರುವುದು ಪೈಥಾನಿನ ಕುಲಧರ್ಮವಾದ್ದರಿಂದ ಅದು ನೇರವಾಗಿ ಕಾದ ನೆಲಕ್ಕೇ ಇಳಿಯುತ್ತದೆ. ಸಡಿಲವಾಗಿ ಬಿಟ್ಟರಂತೂ ಹಾವು ಪ್ರೋಬನ್ನು ತಳ್ಳಿಕೊಂಡು ಹೋಗಿ ನೀರಿನ ಬಟ್ಟಲಿಗೆ ಹಾಕುತ್ತದೆ. ಆಗ ಥರ್ಮೋಸ್ಟಾಟಿಗೆ ಜಗತ್ತೆಲ್ಲ ಮಾಘಮಾಸವಾಗಿ ಕಂಡು, ಹೀಟರು ಬಿಡುವಿಲ್ಲದೆ ಉರಿಯುತ್ತದೆ. ಅಂಟುಟೇಪಿನಿಂದ ಬಿಗಿಯುವವರೂ ಇದ್ದಾರೆ. ಟೇಪು ಹುರುಪೆಗಳಿಗೆ ಅಂಟಿಕೊಂಡು ಚರ್ಮವನ್ನೇ ಕೀಳುವುದರಿಂದ ಪೆಟ್ಟಿಗೆಯೊಳಗೆ ಅದಕ್ಕೆ ಪ್ರವೇಶವಿಲ್ಲ. ನಿರ್ಣಯವಿದು: ಮ್ಯಾಟಿನ ಪ್ರೋಬು ಮ್ಯಾಟಿಗೂ ಪೆಟ್ಟಿಗೆಯ ತಳಕ್ಕೂ ನಡುವೆ, ಮೇಲಿನಿಂದ ಬರುವ ಶಾಖದ ಪ್ರೋಬು ಹಾವು ಮೈಕಾಯಿಸುವ ಜಾಗದ ಮಟ್ಟದಲ್ಲಿ, ಎರಡೂ ಕ್ಲಿಪ್ಪಿನಿಂದ ಅಲುಗದಂತೆ ಬಿಗಿದಿರಬೇಕು; ಮತ್ತು ಥರ್ಮೋಸ್ಟಾಟಿನ ಮಾತನ್ನು ಥರ್ಮೋಸ್ಟಾಟಿನಿಂದಲೇ ಪರೀಕ್ಷಿಸಕೂಡದು. ಕರ್ತೃ ಬೇರೆ, ಸಾಕ್ಷಿ ಬೇರೆ. ಮೇಲೆ ಹೇಳಿದ ಡಿಜಿಟಲ್ ಥರ್ಮಾಮೀಟರುಗಳು ಇಲ್ಲಿ ಸಾಕ್ಷಿಸ್ಥಾನದಲ್ಲಿ ನಿಲ್ಲುತ್ತವೆ. ಈ ಒಂದು ವಿಷಯದಲ್ಲಿ ಅದ್ವೈತ ಅಪಾಯಕಾರಿ.

ಕರ್ತೃವೇ ಕೆಟ್ಟರೆ ಏನು ಗತಿ? ಹೀಟರು ಆರದ ಸ್ಥಿತಿಯಲ್ಲೇ ಥರ್ಮೋಸ್ಟಾಟ್ ಕೆಡುವುದುಂಟು. ಅದಕ್ಕಾಗಿ ಎರಡನೆಯದೊಂದನ್ನು ಸರಣಿಯಲ್ಲಿ ಜೋಡಿಸಿ ಮೊದಲನೆಯದಕ್ಕಿಂತ ಎರಡು ಮೂರು ಡಿಗ್ರಿ ಮೇಲೆ ಹಿಡಿದಿಡುವುದು, ಮಿತಿ ಮೀರಿದರೆ ಕೂಗುವ ಅಲಾರಮ್ ಇಡುವುದು ಪ್ರಾಜ್ಞರ ಆಚಾರ. ಬಲ್ಬಿಗೂ ಸೆರಾಮಿಕ್ಕಿಗೂ ಸುತ್ತ ತಂತಿಯ ಜಾಲರಿ ಕಡ್ಡಾಯ, ಏಕೆಂದರೆ ಬಿಸಿ ಬಲ್ಬಿಗೆ ಸುತ್ತಿಕೊಳ್ಳುವುದರಲ್ಲಿ ಹಾವಿಗೆ ಯಾವ ಸಂಕೋಚವೂ ಇಲ್ಲ. ಗಾಜಿನ ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಿಗೆ ಇಟ್ಟವನಿಗೆ ಯಾವ ಥರ್ಮೋಸ್ಟಾಟೂ ನೆರವಾಗದು; ಸೂರ್ಯನಿಗೆ ಪ್ಲಗ್ ಇಲ್ಲ. ಕರೆಂಟು ಹೋದರೆ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಗಾಳಿಗೆ ದಾರಿ ಬಿಟ್ಟು, ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಮೂಲೆಯಲ್ಲಿಡಬಹುದು. ಕೆಲವು ಗಂಟೆಗಳ ತಂಪು ಆರೋಗ್ಯವಂತ ಹಾವನ್ನು ಕೊಲ್ಲುವುದಿಲ್ಲ, ಗಾಬರಿಯಿಂದ ಕೊಟ್ಟ ಬಿಸಿ ಕೊಲ್ಲಬಲ್ಲದು. ಇತ್ತೀಚೆಗೆ ಇಲಿ ನುಂಗಿದ್ದರೆ ಮಾತ್ರ ತಂಪಿನಿಂದ ಜೀರ್ಣಕ್ರಿಯೆಗೆ ತೊಂದರೆ.

ಈ ಶಾಸ್ತ್ರಕ್ಕೆ ತೀರ್ಥಕ್ಷೇತ್ರವೊಂದು ಬೇಕೆನ್ನುವವರಿಗೆ ಲಂಡನ್ ಮೃಗಾಲಯವನ್ನು ತೋರಿಸಬಹುದು. ಜಗತ್ತಿನ ಮೊದಲ ಸರೀಸೃಪಗೃಹ 1849ರಲ್ಲಿ ತೆರೆದದ್ದು ಅಲ್ಲಿ. ಸರೀಸೃಪಗಳ ಮೇಲ್ವಿಚಾರಕಿಯಾಗಿದ್ದ ಜೋನ್ ಪ್ರಾಕ್ಟರ್ ಅವರ ಯೋಜನೆಯಂತೆ 1927ರಲ್ಲಿ ಕಟ್ಟಿದ ಹೊಸ ಗೃಹದಲ್ಲಿ ಎಲ್ಲ ಪ್ರಾಣಿಗೂ ಒಂದೇ ಬಿಸಿಯೆಂಬ ಪದ್ಧತಿಯನ್ನು ಕೈಬಿಟ್ಟು, ಪೆಟ್ಟಿಗೆ ಪೆಟ್ಟಿಗೆಗೆ ತಕ್ಕ ವಿದ್ಯುತ್ ಶಾಖವನ್ನು ಒದಗಿಸಿದರು. ಈಗಿನ ಗೃಹಸ್ಥನು ಪ್ಲಾಸ್ಟಿಕ್ ಥರ್ಮೋಸ್ಟಾಟ್ ಹಿಡಿದು ಮಾಡುತ್ತಿರುವುದು ಆ ಮಹಿಳೆಯ ಕೆಲಸದ ಸಣ್ಣ ನಕಲನ್ನೇ.

ದಿನಚರಿಯ ವಿಧಿಗಳು ಸ್ವಲ್ಪವೇ. ಬೆಳಿಗ್ಗೆ ಸಂಜೆ ಎರಡೂ ತುದಿಗಳ ತಾಪ ನೋಡುವುದು, ಆಗಾಗ ಪ್ರೋಬು ಇದ್ದಲ್ಲೇ ಇದೆಯೇ, ತಂತಿ ಕರಗಿದೆಯೇ, ಮ್ಯಾಟು ಸುಕ್ಕುಗಟ್ಟಿದೆಯೇ ಎಂದು ಪರೀಕ್ಷಿಸುವುದು, ಹಾವನ್ನು ಪೆಟ್ಟಿಗೆಗೆ ತರುವ ಮೊದಲೇ ಕೆಲವು ದಿನ ಖಾಲಿ ಪೆಟ್ಟಿಗೆಯನ್ನು ಓಡಿಸಿ ನೋಡುವುದು. ಹೊಟ್ಟೆಯ ಹುರುಪೆಗಳು ಕೆಂಪಾದರೆ, ಬೊಬ್ಬೆ ಎದ್ದರೆ, ಕಂದಿದರೆ ಅದು ಸುಟ್ಟ ಗಾಯ. ಆಗ ಹೀಟರನ್ನು ಪ್ಲಗ್ಗಿನಿಂದ ಕಿತ್ತು, ಎಣ್ಣೆ ಬೆಣ್ಣೆ ಏನನ್ನೂ ಹಚ್ಚದೆ, ಈ ಪ್ರಬಂಧವನ್ನು ಮತ್ತೊಮ್ಮೆ ಓದುತ್ತ ಕೂರದೆ, ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಅದೇ ದಿನ ಹಾವನ್ನು ಕೊಂಡೊಯ್ಯಬೇಕು.