ಕಚೇರಿ ಜ್ಞಾನ ಮೀಮಾಂಸೆ

ಸಂಸ್ಥೆಯಲ್ಲಿ ಹುಟ್ಟಿ, ಬೇಕಾದಾಗ ಸಿಗದೆ, ಬೇಡದಾಗ ಎದುರಿಗೆ ಬಂದು ಕೂರುವ ಪದಾರ್ಥವೇ ಜ್ಞಾನ. ಇದು ಲಕ್ಷಣ. ಸ್ಟೇಷನರಿಗೂ ಇದು ಒಪ್ಪುತ್ತದಲ್ಲ, ಅತಿವ್ಯಾಪ್ತಿ ದೋಷ ಬಂತಲ್ಲ ಎಂದು ಆಕ್ಷೇಪಿಸುವವರಿಗೆ ಸಮಾಧಾನ: ಸ್ಟೇಷನರಿಗೆ ಇಂಡೆಂಟ್ ಹಾಕಬಹುದು, ಜ್ಞಾನಕ್ಕೆ ಹಾಕಲಾಗದು.

ಆಶ್ರಯಭೇದದಿಂದ ಇದು ಮೂರು ಬಗೆ: ಬೀರುಸ್ಥ, ಶಿರಸ್ಥ, ಪೋರ್ಟಲಸ್ಥ. ವಾಟ್ಸಾಪ್‌ಸ್ಥವೆಂಬ ನಾಲ್ಕನೆಯದನ್ನು ನವೀನರು ಹೇಳುತ್ತಾರೆ. ಅದರಲ್ಲಿ ಶುಭೋದಯದ ಪಾಲೇ ಹೆಚ್ಚಾದ್ದರಿಂದ ಇಲ್ಲಿ ಗಣಿಸಿಲ್ಲ.

ಬೀರುಸ್ಥವನ್ನು ಬೇಗ ಮುಗಿಸೋಣ. ಹಿಂದಿನ ಶಾನುಭೋಗರು ಹುಣಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕ ಬರೆದಿಡುತ್ತಿದ್ದರು. ಲೆಕ್ಕ ಬಟ್ಟೆಯಲ್ಲಿತ್ತು, ಯಾವ ಬದುವನ್ನು ಯಾರ ತಾತ ಒತ್ತಿದ್ದು ಎಂಬುದು ಶಾನುಭೋಗರ ತಲೆಯಲ್ಲಿತ್ತು. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಯಿತು. ಅದಾಗಿ ನಾಲ್ಕು ದಶಕ ಕಳೆಯುವ ಹೊತ್ತಿಗೆ ‘ಭೂಮಿ’ ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಲೆಯನ್ನು ಏರಿಸುವ ಯೋಜನೆ ಇನ್ನೂ ಬಂದಿಲ್ಲ.

ಈಗ ಶಿರಸ್ಥ. ಇದರ ಉಪಭೇದಗಳು ಗೋಪ್ಯ, ಅನಿರ್ವಚನೀಯ, ಅಜ್ಞಾತ.

ಗೋಪ್ಯಕ್ಕೆ ಆಶ್ರಯ ಹಳೆಯ ಕೇಸ್ ವರ್ಕರ್. ಯಾವ ಫೈಲು ಯಾವ ಷರಾ ಹೊತ್ತು ವಾಪಸ್ಸಾಗುತ್ತದೆ, ಯಾವ ಸಾಹೇಬರಿಗೆ ಟಿಪ್ಪಣಿಯಲ್ಲಿ ‘ಪರಿಶೀಲಿಸಬಹುದು’ ಎಂದರೆ ಸಾಕು, ಯಾರಿಗೆ ‘ಆದೇಶಕ್ಕಾಗಿ ಮಂಡಿಸಿದೆ’ ಎಂದೇ ಬರೆಯಬೇಕು, ಎಲ್ಲ ಬಲ್ಲವರು. ಕಲಿಸಿಕೊಡಿ ಎಂದರೆ “ನೀವು ಹೋಗಿ, ನಾನು ಮಾಡಿಸ್ತೀನಿ” ಎನ್ನುತ್ತಾರೆ. ಅದರಲ್ಲಿ ಸೌಜನ್ಯವೂ ಇದೆ, ಸೊಂಟದ ಬೀಗದಕೈ ಬಿಚ್ಚಿಕೊಡದ ಜಾಣತನವೂ ಇದೆ. ದೂರುವಂತಿಲ್ಲ, ಹೇಳಿಬಿಟ್ಟರೆ ನಾಳೆ ಅವರನ್ನು ಕೇಳುವವರು ಯಾರು? ನಿವೃತ್ತಿಯ ದಿನ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಚಾರ್ಜ್ ಲಿಸ್ಟಿನಲ್ಲಿ ಕಬ್ಬಿಣದ ಬೀರು 1, ಕೈ ಮುರಿದ ಕುರ್ಚಿ 1, ಪಂಚಿಂಗ್ ಮೆಷಿನ್ 1 (ಕೆಟ್ಟಿದೆ). ಕೊಟ್ಟವರ ಸಹಿ, ಪಡೆದವರ ಸಹಿ. ಮೂವತ್ತು ವರ್ಷದ ವಿದ್ಯೆಗೆ ಅಲ್ಲಿ ಕಾಲಂ ಇಲ್ಲ. ಮುಂದಿನ ವಾರದಿಂದ ಮನೆಗೆ ಫೋನು: “ಸಾರ್, ಊಟ ಆಯ್ತಾ? ಆ 2011ರ ಫೈಲು...” ಶಾಸ್ತ್ರದಲ್ಲಿ ಇದಕ್ಕೆ ನಿವೃತ್ತೋತ್ತರ ಪ್ರವೃತ್ತಿ ಎಂದು ಹೆಸರು.

ಅನಿರ್ವಚನೀಯವೆಂದರೆ ಹೇಳುವ ಮನಸ್ಸಿದ್ದರೂ ಬಾಯಿಗೆ ಬಾರದ್ದು. 1966ರಲ್ಲಿ ದಾರ್ಶನಿಕ ಮೈಕೇಲ್ ಪೊಲಾನ್ಯಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಉದಾಹರಣೆಯನ್ನು ಜಪಾನಿನಿಂದ ತಂದವರು ನಿರ್ವಹಣಾಶಾಸ್ತ್ರದ ನೊನಾಕ ಮತ್ತು ತಾಕೆಯುಚಿ, 1995ರಲ್ಲಿ. ಮತ್ಸುಶಿತ ಕಂಪನಿ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರ ತಯಾರಿಸಹೊರಟಾಗ ಹಿಟ್ಟು ಹದಕ್ಕೆ ಬರಲಿಲ್ಲ. ಇಕುಕೊ ತನಾಕ ಎಂಬ ಸಾಫ್ಟ್‌ವೇರ್ ಉದ್ಯೋಗಿ ಒಸಾಕದ ಹೋಟೆಲೊಂದರ ಮುಖ್ಯ ಬೇಕರ್ ಬಳಿ ಶಿಷ್ಯವೃತ್ತಿಗೆ ನಿಂತರು. ಆತ ಹಿಟ್ಟನ್ನು ಬರೀ ಎಳೆಯುತ್ತಿರಲಿಲ್ಲ, ಎಳೆಯುತ್ತ ತಿರುಚುತ್ತಿದ್ದ. ಆತ ಹೇಳಿದ್ದಲ್ಲ, ಈಕೆ ಕಂಡದ್ದು. ಯಂತ್ರದೊಳಗೆ ಏಣುಗಳು ಬಂದವು, ಹಿಟ್ಟು ಹದವಾಯಿತು. ಗುರುಕುಲವೆಂದರೆ ಹಳೇ ಪದ್ಧತಿ ಎಂದು ಮೂಗು ಮುರಿಯುವ ಮಾನವ ಸಂಪನ್ಮೂಲದವರು ಗಮನಿಸಬೇಕು.

ಅಜ್ಞಾತ ಇನ್ನೂ ಸೂಕ್ಷ್ಮ: ತನ್ನ ಬಳಿ ಇದೆಯೆಂದು ಇದ್ದವರಿಗೇ ಗೊತ್ತಿಲ್ಲದ್ದು. ಅಮೆರಿಕದ ಅಣ್ವಸ್ತ್ರ ಸಿಡಿತಲೆಗಳಲ್ಲಿ ಫಾಗ್‌ಬ್ಯಾಂಕ್ ಎಂಬ ಗುಟ್ಟಿನ ವಸ್ತು ಬಳಸುತ್ತಿದ್ದರು. 1989ರ ಹೊತ್ತಿಗೆ ತಯಾರಿ ನಿಂತಿತು. ಈ ಶತಮಾನದ ಆರಂಭದಲ್ಲಿ ಮತ್ತೆ ಬೇಕಾಯಿತು. ದಾಖಲೆ ಕಡಿಮೆ, ಬಲ್ಲವರಲ್ಲಿ ಹೆಚ್ಚಿನವರು ನಿವೃತ್ತರು. ಹೊಸ ಘಟಕ ಕಟ್ಟಿ ಮಾಡಿದರೂ ಹಳೆಯದರಂತೆ ಬರಲಿಲ್ಲ. ಹಳೆಯ ಕಚ್ಚಾವಸ್ತುವಿನಲ್ಲಿ ಒಂದು ಕಶ್ಮಲವಿತ್ತು, ಗುಣ ಬರುತ್ತಿದ್ದುದೇ ಅದರಿಂದ. ಹೊಸ ಘಟಕ ಅದನ್ನು ಚೊಕ್ಕವಾಗಿ ತೊಳೆದುಹಾಕುತ್ತಿತ್ತು! ಹಳಬರಿಗೂ ಇದು ತಿಳಿದಿರಲಿಲ್ಲ. ಬೀಳ್ಕೊಡುಗೆ ದಿನ ಎಷ್ಟು ಸಂದರ್ಶನ ಮಾಡಿದರೂ ಇದು ಹೊರಬೀಳುತ್ತಿರಲಿಲ್ಲ.

ಪೋರ್ಟಲಸ್ಥಕ್ಕೆ ನಾಲ್ಕು ಅವಸ್ಥೆ: ಉದ್ಘಾಟನೆ, ಉತ್ಸಾಹ, ಉಪೇಕ್ಷೆ, ಬೇರೆ ಹೆಸರಿನಲ್ಲಿ ಪುನರುದ್ಘಾಟನೆ. ಉಪೇಕ್ಷೆಯ ಕಾಲದಲ್ಲಿ ಒಳಹೊಕ್ಕು ನೋಡಿದರೆ ಫೈನಲ್, ಫೈನಲ್ 2, ಸಾರ್ ನೋಡಿದ ಫೈನಲ್ ಎಂಬ ಕಡತಗಳು ಕಾಣುತ್ತವೆ. ಸಾರ್ ಯಾವುದನ್ನು ನೋಡಿದರು ಎಂಬುದು ಸಾರ್‌ಗೂ ನೆನಪಿಲ್ಲ.

ಉತ್ಸಾಹ ಇಳಿಯದಿರಲು ಉಪಾಯವೇನು? ದ್ರವ್ಯವಾದಿಗಳು ಹೇಳುವುದು: ಬರೆದವರಿಗೆ ಅಂಕ ಕೊಡಿ. ಬೆಂಗಳೂರಿನ ಇನ್ಫೋಸಿಸ್ ‘ಕೆಶಾಪ್’ ಎಂಬ ತನ್ನ ಪೋರ್ಟಲಿಗೆ ಬರೆದವರಿಗೂ, ಬಂದದ್ದನ್ನು ತೂಗಿ ನೋಡಿದವರಿಗೂ ‘ನಾಲೆಜ್ ಕರೆನ್ಸಿ ಯೂನಿಟ್’ ಎಂಬ ನಾಣ್ಯ ಟಂಕಿಸಿತು. ಬರಹ ಹೊಳೆಯಾಗಿ ಹರಿಯಿತು. ಪರಿಶೀಲಕರು ಸುಸ್ತಾದರು, ಅಂಕಗಳ ಮೇಲೇ ಅನುಮಾನ ಬಂತು. ಕೊನೆಗೆ ಎಷ್ಟು ಬರೆದರು ಎಂಬುದಕ್ಕಿಂತ ಬರೆದದ್ದು ಯಾರಿಗಾದರೂ ಉಪಯೋಗಕ್ಕೆ ಬಂತೇ ಎಂಬುದಕ್ಕೆ ತೂಕ ಬರುವಂತೆ ನಿಯಮ ತಿದ್ದಿದರು. ಇದನ್ನು ಗರುಡ್ ಮತ್ತು ಕುಮಾರಸ್ವಾಮಿ 2005ರ ಪ್ರಬಂಧದಲ್ಲಿ ಬಿಡಿಸಿಟ್ಟಿದ್ದಾರೆ.

ಅಂಕ ಬೇಡ, ಹೆಸರು ಕೊಡಿ ಎನ್ನುವ ಕೀರ್ತಿವಾದಿಗಳ ಸಾಕ್ಷಿ ಝೆರಾಕ್ಸ್ ಕಂಪನಿಯ ರಿಪೇರಿಯವರು. ಮಾನವಶಾಸ್ತ್ರಜ್ಞ ಜೂಲಿಯನ್ ಓರ್ ಇವರ ಬೆನ್ನುಹತ್ತಿ ಹೋಗಿ ಕಂಡದ್ದು: ಕೆಟ್ಟ ಯಂತ್ರದ ವಿದ್ಯೆ ಕೈಪಿಡಿಯಲ್ಲಿರಲಿಲ್ಲ, ಊಟದ ಹೊತ್ತಿನ ಹರಟೆಯಲ್ಲಿತ್ತು. ಮುಂದೆ ಆ ಹರಟೆಯನ್ನೇ ಸೋಸಿಟ್ಟುಕೊಳ್ಳಲು ‘ಯುರೇಕಾ’ ಎಂಬ ವ್ಯವಸ್ಥೆ ಬಂತು. ಪ್ರತಿ ಉಪಾಯವನ್ನೂ ಅದೇ ಕೆಲಸದವರು ಪರೀಕ್ಷಿಸುತ್ತಿದ್ದರು. ಹಣದ ಬಹುಮಾನಕ್ಕಿಂತ ಅವರಿಗೆ ಬೇಕಾದದ್ದು, ಉಪಾಯದ ಕೆಳಗೆ ಅದನ್ನು ಕಂಡುಕೊಂಡವರ ಹೆಸರು. ನಾನೂ ಈ ಪಕ್ಷದವನೇ. ನಮ್ಮ ಪೋರ್ಟಲುಗಳಲ್ಲಿ ಹೆಸರು ಇರಬೇಕಾದ ಜಾಗದಲ್ಲಿ ಸಾಮಾನ್ಯವಾಗಿ ‘ಅಡ್ಮಿನ್’ ಎಂದಿರುತ್ತದೆ. ಅಡ್ಮಿನ್ ಯಾರೆಂಬುದು ಶಿರಸ್ಥದಲ್ಲಿ ಗೋಪ್ಯಕ್ಕೆ ಸೇರಿದ್ದು.